ಆರು ಕಾಲಿನ ಆಡು

ಮೊದಲ ಹದಿನೈದು ದಿನ ನಾನು ಮಾಡಿದ್ದು ಚಿತ್ರ ಬರೆಯುವ ಕೆಲಸವಲ್ಲ, ಊರವರ ಎಲುಬು ತೊಳೆಯುವ ಕೆಲಸ. ಬೆಳ್ತಂಗಡಿಯಲ್ಲಿ ಎಕ್ಸ್‌ರೇ ತೆಗೆಯುವವರೊಬ್ಬರ ಪರಿಚಯವಿತ್ತು. ಯಾರೂ ಕೇಳಿಕೊಂಡು ಬಾರದ ಹಳೆಯ ಎಕ್ಸ್‌ರೇಗಳನ್ನು ಅವರು ಗೋಣಿಯಲ್ಲಿ ತುಂಬಿಸಿ ಇಡುತ್ತಿದ್ದರು. ನಾನು ಆ ಗೋಣಿಯನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಮಡಿಲ ಮೇಲಿಟ್ಟುಕೊಂಡು ಗುರುವಾಯನಕೆರೆ, ಪುಂಜಾಲಕಟ್ಟೆ ದಾಟಿ ಮೆಲ್ಕಾರಿನ ನನ್ನ ಬಾಡಿಗೆ ರೂಮಿಗೆ ತರುತ್ತಿದ್ದೆ. ಯಾರದೋ ಪಕ್ಕೆಲುಬು, ಯಾರದೋ ಮುರಿದ ಮುಂಗೈ. ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ಮುಳುಗಿಸಿಟ್ಟು ಸ್ವಲ್ಪ ಹೊತ್ತಿನ ಮೇಲೆ ಸ್ಪಂಜಿನಿಂದ ಉಜ್ಜಿದರೆ ಕಪ್ಪೆಲ್ಲ ಕೆಸರಿನ ಹಾಗೆ ಬಿಟ್ಟುಹೋಗುತ್ತದೆ. ತೆಳು ನೀಲಿಯ ಪಾರದರ್ಶಕ ಹಾಳೆಯೊಂದು ಉಳಿಯುತ್ತದೆ. ಅದನ್ನು ಎರಡಾಗಿ ಕತ್ತರಿಸಿದರೆ ಎರಡು ಚಿತ್ರಕ್ಕೆ ಆಯಿತು.

ಎರಡು ಸಾವಿರದ ಇಸವಿ ಕಳೆದು ಎರಡೋ ಮೂರೋ ವರ್ಷ ಆಗಿತ್ತು. ಅನಿಮೇಶನ್‌ಗೆ ಬೇಕಾದ ಪಾರದರ್ಶಕ ಹಾಳೆ, ಕಸುಬಿನವರು ಸೆಲ್ ಎನ್ನುವುದು, ಆಗಲೇ ಎಲ್ಲಿಯೂ ಸಿಗುತ್ತಿರಲಿಲ್ಲ. ನಾನು ತೊಂಬತ್ತರ ದಶಕದಲ್ಲಿ ಮುಂಬೈಯಲ್ಲಿ ಕಲಿತ ಕೆಲಸ ಅದೊಂದೇ. ಹಾಳೆಯ ಮುಂದಿನ ಬದಿಗೆ ಶಾಯಿಯ ಗೆರೆ, ಹಿಂದಿನ ಬದಿಗೆ ಬಣ್ಣ, ಕೆಳಗೆ ಅಲುಗದ ಹಿನ್ನೆಲೆ. ಜಗತ್ತು ಅದನ್ನು ಬಿಟ್ಟು ಕಂಪ್ಯೂಟರಿಗೆ ಹೋಗಿತ್ತು, ನಾನು ಮಾತ್ರ ಮೆಲ್ಕಾರಿಗೆ ಬಂದಿದ್ದೆ.

ಮೂಡುಬಿದಿರೆಯಲ್ಲಿ ಒಬ್ಬರು ಅನಿಮೇಶನ್ ಕಲಿಸುವ ಖಾಸಗಿ ಕೇಂದ್ರ ತೆರೆಯುವವರಿದ್ದರು. ಉದ್ಘಾಟನೆಯ ದಿನ ತೋರಿಸಲು ಅವರಿಗೊಂದು ಸಣ್ಣ ಚಿತ್ರ ಬೇಕಿತ್ತು. ಅನಿಮೇಶನ್ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು ಎಂಬುದನ್ನು ಎರಡೂವರೆ ನಿಮಿಷದಲ್ಲಿ ಹೇಳಬೇಕು. ಚಿತ್ರ ನೋಡಿ ಒಪ್ಪಿಗೆಯಾದರೆ ಅಲ್ಲಿ ಕಲಿಸುವ ಕೆಲಸ ನನಗೆ ಎಂದು ಕೇಂದ್ರದ ಯಜಮಾನರು ಹೇಳಿದ್ದರು. ಆ ಕೆಲಸ ನನಗೆ ಎಷ್ಟು ಬೇಕಿತ್ತೆಂದು ಹೇಳಿದರೆ ಈಗಲೂ ನಾಚಿಕೆಯಾಗುತ್ತದೆ. ಊಟಕ್ಕೇನೂ ಕೊರತೆಯಿರಲಿಲ್ಲ, ಅಂಗಡಿಗಳಿಗೆ ಬೋರ್ಡು ಬರೆದರೆ ಹೊಟ್ಟೆಗೆ ಸಾಕಾಗುತ್ತಿತ್ತು. ಆದರೆ ನಾನು ಏನು ಮಾಡುತ್ತೇನೆಂದು ಅರ್ಥವಾಗುವ ಒಬ್ಬ ಮನುಷ್ಯನ ಜೊತೆ ಮಾತಾಡಿ ನಾಲ್ಕು ವರ್ಷ ಆಗಿತ್ತು. ದಿನಾ ಬೆಳಿಗ್ಗೆ ಹತ್ತು ಜನರ ಮುಂದೆ ನಿಂತು ‘ಇಲ್ಲಿ ನೋಡಿ’ ಎನ್ನಬೇಕು, ಅವರು ನೋಡಬೇಕು. ಅಷ್ಟೇ ನನ್ನ ಆಸೆ.

ಚಿತ್ರಕ್ಕೆ ಕಥೆ ಹೊಳೆದದ್ದು ಒಂದು ಬಟ್ಟಲಿನಿಂದ. ಇರಾನಿನಲ್ಲಿ ನೆಲ ಅಗೆದಾಗ ಸಾವಿರಾರು ವರ್ಷ ಹಳೆಯ ಮಣ್ಣಿನ ಬಟ್ಟಲೊಂದು ಸಿಕ್ಕಿದೆ. ಅದರ ಸುತ್ತ ಸಾಲಾಗಿ ಐದು ಚಿತ್ರಗಳು. ಒಂದು ಆಡು ಹಂತಹಂತವಾಗಿ ಎಗರಿ ಮರದ ಎಲೆಗೆ ಬಾಯಿ ಹಾಕುತ್ತದೆ. ಬಟ್ಟಲನ್ನು ತಿರುಗಿಸುತ್ತ ನೋಡಿದರೆ ಆಡಿಗೆ ಜೀವ ಬಂದಂತೆ. ಆ ಆಡನ್ನೇ ನಾನು ಹಿಡಿದುಕೊಂಡೆ. ಅದು ಬಟ್ಟಲಿನಿಂದ ಎಗರಿ, ದಾರ ಕಟ್ಟಿ ತಿರುಗಿಸುವ ಎರಡು ಮುಖದ ಬಿಲ್ಲೆಗೆ ಬೀಳುತ್ತದೆ: ಒಂದು ಮುಖದಲ್ಲಿ ಆಡು, ಇನ್ನೊಂದರಲ್ಲಿ ಬೇಲಿ, ತಿರುಗಿದಾಗ ಆಡು ಬೇಲಿಯೊಳಗೆ. ಅಲ್ಲಿಂದ ಎಗರಿ, ಸುತ್ತ ಸೀಳು ಕೊರೆದ ತಿರುಗುವ ಡಬ್ಬಿಯೊಳಗೆ. ಸೀಳಿನಿಂದ ಇಣುಕಿದರೆ ಒಳಗಿನ ಚಿತ್ರಪಟ್ಟಿ ಓಡುತ್ತದೆ. ಅಲ್ಲಿಂದ ಹೆಬ್ಬೆರಳಿನಲ್ಲಿ ಪುಟ ಹಾರಿಸುವ ಪುಸ್ತಕಕ್ಕೆ, ಅಲ್ಲಿಂದ ಸೆಲ್‌ಗೆ, ಕೊನೆಗೆ ಕಂಪ್ಯೂಟರಿನ ಪರದೆಗೆ. ಒಂದೊಂದು ಯುಗಕ್ಕೂ ಒಂದೊಂದು ಜಿಗಿತ. ಜಿಗಿತ ಚೆನ್ನಾಗಿ ಬಂದರೆ ಚಿತ್ರ ಗೆದ್ದಿತು, ಇಲ್ಲವಾದರೆ ಬರೀ ಪಾಠ.

ತೆರೆಯ ಮೇಲೆ ಸೆಕೆಂಡಿಗೆ ಇಪ್ಪತ್ತೈದು ಚೌಕಟ್ಟು, ಅಂದರೆ ಫ್ರೇಮು, ಓಡಬೇಕು. ಒಂದು ಚಿತ್ರವನ್ನು ಎರಡು ಚೌಕಟ್ಟು ಹಿಡಿದರೆ ಸೆಕೆಂಡಿಗೆ ಹನ್ನೆರಡು ಹದಿಮೂರು ಚಿತ್ರ. ನಿಂತ ಭಾಗಗಳನ್ನು, ಮತ್ತೆ ಮತ್ತೆ ಬರುವ ನಡಿಗೆಯನ್ನು ಕಳೆದರೂ ಏಳುನೂರು ಚಿತ್ರ ಬೇಕಿತ್ತು. ಕಿಟಕಿಯ ಹತ್ತಿರ ಮೇಜು, ಮೇಜಿನಲ್ಲಿ ಗಾಜು, ಗಾಜಿನ ಕೆಳಗೆ ಟ್ಯೂಬ್‌ಲೈಟು. ಹಾಳೆ ಜರುಗದಂತೆ ಮೇಲ್ಗಡೆ ಮೂರು ಮರದ ಗೂಟ. ಬೆಳಿಗ್ಗೆ ಏಳಕ್ಕೆ ಕೂತರೆ ಸಂಜೆ ಆರಕ್ಕೆ ಏಳುವುದು. ಇಡೀ ದಿನ ನನ್ನ ಬಾಯಿಂದ ಒಂದು ಶಬ್ದ ಬಾರದ ದಿನಗಳಿದ್ದವು. ಒಮ್ಮೆ ಹೋಟೆಲಿನಲ್ಲಿ ಚಾ ಕೇಳಲು ಹೋಗಿ ಗಂಟಲೇ ತೆರೆಯಲಿಲ್ಲ.

ಮನೆಯ ಒಡತಿ ಇದ್ದದ್ದು ಕೆಳಗೆ. ಐವತ್ತು ದಾಟಿದ ಬ್ಯಾರಿ ಮುಸ್ಲಿಂ ಹೆಂಗಸು. ನಾನು ಅಕ್ಕ ಎನ್ನುತ್ತಿದ್ದೆ. ಗಂಡನಿಗೆ ಪಾಣೆಮಂಗಳೂರಿನಲ್ಲಿ ಒಣಮೀನಿನ ಅಂಗಡಿ. ಅಕ್ಕ ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಅಕ್ಕಪಕ್ಕದ ನಾಲ್ಕು ಹೆಂಗಸರು ತಮ್ಮ ತಮ್ಮ ಮೊರ ತಂದು ಅಲ್ಲಿಯೇ ಕೂರುತ್ತಿದ್ದರು. ಕತ್ತರಿಯ ಕಚಕಚ, ಊರಿನ ಸುದ್ದಿ, ನಡುನಡುವೆ ಭರ್ರೆಂದು ಏಳುವ ನಗು, ಎಲ್ಲ ನನ್ನ ಕಿಟಕಿಗೆ ಕೇಳುತ್ತಿತ್ತು. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಪೆನ್ಸಿಲು ಹಿಡಿದವರೆಲ್ಲ ಅಕ್ಕನಿಗೆ ಮಾಷ್ಟ್ರು.

“ಎಂತ ಮಾಷ್ಟ್ರೇ, ಇವತ್ತು ಯಾರ ಎಲುಬು ತಂದದ್ದು?” ಎಂದು ಗೋಣಿ ನೋಡಿ ಕೇಳುತ್ತಿದ್ದರು.

“ಬೆಳ್ತಂಗಡಿಯವರದ್ದು.”

“ಸರಿ ನೋಡಿ ತೊಳೆಯಿರಿ ಮಾರಾಯ್ರೆ, ನಮ್ಮ ನೆಂಟರದ್ದೂ ಇರಬಹುದು.”

ಹೆಂಗಸರೆಲ್ಲ ನಗುತ್ತಿದ್ದರು. ನಾನೂ ಒಂದು ಮಾತು ಸೇರಿಸಿ ಅಲ್ಲಿ ನಿಲ್ಲಬಹುದಿತ್ತು. ನಿಲ್ಲಲು ನನಗೆ ಬರುತ್ತಿರಲಿಲ್ಲ. ಮುಖ ಗಂಟು ಹಾಕಿಕೊಂಡು ಮೇಲೆ ಹೋಗುತ್ತಿದ್ದೆ, ಮೇಲೆ ಹೋಗಿ ಕಿಟಕಿಯ ಬಳಿ ಕಿವಿಗೊಟ್ಟು ಕೂರುತ್ತಿದ್ದೆ. ನನ್ನ ಸ್ವಭಾವವೇ ಅಂಥದು, ಯಾರನ್ನು ದೂರುವುದು.

ಎರಡು ತಿಂಗಳು ಕಳೆಯುವಾಗ ದಿನದ ಲೆಕ್ಕ ತಪ್ಪಿತು. ಚಿತ್ರ ಬರೆದು ಮುಗಿಯುತ್ತ ಬಂದಿತ್ತು, ಆದರೆ ಉಳಿದವಕ್ಕೆ ಹಾಳೆ ತೊಳೆಯುವುದು, ಒಣಗಿಸುವುದು, ಕ್ರಮವಾಗಿ ಜೋಡಿಸುವುದು, ಎಲ್ಲವೂ ಒಬ್ಬನಿಂದ ಆಗದು ಎಂದು ಗೊತ್ತಾಯಿತು. ನಾನು ಕೇಳಲಿಲ್ಲ. ಅಕ್ಕನೇ ಮೆಟ್ಟಿಲ ಕೆಳಗೆ ನಿಂತು ಕೇಳಿದರು.

“ಒಬ್ಬರೇ ಸಾಯ್ತೀರಿ ನೀವು. ತೊಳೆಯುವುದು, ಜೋಡಿಸುವುದು ನನಗೆ ಕೊಡಿ. ದಿನಕ್ಕೆ ಸಾವಿರ ಬೀಡಿ ಎಣಿಸುವ ಕೈ ಇದು.”

ಕೊಟ್ಟೆ. ಅಬ್ಬಾ, ಆ ಕೈ! ಹಾಳೆಯ ಮೂಲೆಯ ನಂಬರು ನೋಡಿ, ನಡುವೆ ತೆಳು ಕಾಗದವಿಟ್ಟು, ಇಪ್ಪತ್ತೈದರ ಕಟ್ಟು ಮಾಡಿ ದಾರ ಸುತ್ತಿ ಇಡುತ್ತಿದ್ದರು. ಬೀಡಿಯ ಕಟ್ಟೂ ಇಪ್ಪತ್ತೈದರದ್ದೇ. ನನ್ನ ಲೆಕ್ಕದಲ್ಲಿ ಒಂದು ಕಟ್ಟೆಂದರೆ ತೆರೆಯ ಮೇಲೆ ಸರಿಯಾಗಿ ಎರಡು ಸೆಕೆಂಡು. ಹಾಗೆಂದು ಹೇಳಿದಾಗ ಅಕ್ಕ, “ಇಷ್ಟು ಕಷ್ಟಕ್ಕೆ ಎರಡೇ ಸೆಕೆಂಡಾ? ಬೀಡಿಯಾದರೂ ಹತ್ತು ನಿಮಿಷ ಉರಿಯುತ್ತದೆ” ಎಂದರು. ಆ ದಿನ ನಾನೂ ನಕ್ಕದ್ದು ನೆನಪಿದೆ.

ಮೊದಲ ಮೂರು ಭಾಗಗಳನ್ನು ಕ್ಯಾಮೆರಾಕ್ಕೆ ಹಿಡಿಯಲು ನಾನು ಎರಡು ದಿನ ಮೂಡುಬಿದಿರೆಯಲ್ಲಿ ಉಳಿಯಬೇಕಾಯಿತು. ಹೊರಡುವಾಗ ಉಳಿದ ಕಟ್ಟುಗಳನ್ನು ಅಕ್ಕನಿಗೆ ಒಪ್ಪಿಸಿ, “ಇದರಲ್ಲಿ ಕೆಟ್ಟದ್ದು ಕಂಡರೆ ತೆಗೆದಿಡಿ” ಎಂದೆ. ಬಣ್ಣ ಸಿಡಿದದ್ದು, ಗೀರು ಬಿದ್ದದ್ದು ಎಂದು ನನ್ನ ಮನಸ್ಸಿನಲ್ಲಿ. ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರಲಿಲ್ಲ.

ಇನ್ನೊಂದನ್ನೂ ಹೇಳಿರಲಿಲ್ಲ. ಆಡು ಎಗರುವಾಗ ನಡುವಿನ ಚಿತ್ರಗಳಲ್ಲಿ ಲಕ್ಷಣವಾದ ಆಡನ್ನೇ ಬರೆದರೆ ಅದು ಮರದ ಗೊಂಬೆಯ ಹಾಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಡೆತಡೆದು ಕುಕ್ಕುತ್ತ ಹೋಗುತ್ತದೆ. ಆದ್ದರಿಂದ ಅಲ್ಲಿ ಕುತ್ತಿಗೆಯನ್ನು ಎಳೆದು ಮೊಳ ಉದ್ದ ಮಾಡಬೇಕು, ಹೊಟ್ಟೆಯನ್ನು ಚಪ್ಪಟೆ ಮಾಡಬೇಕು, ಕಾಲು ನಾಲ್ಕರ ಬದಲು ಆರು ಬರೆಯಬೇಕು, ಕೆಲವೊಮ್ಮೆ ಮೂತಿಯನ್ನೂ ಎರಡು ಕಡೆ ಬರೆಯಬೇಕು. ರೆಪ್ಪೆ ಮಿಟುಕಿಸುವಷ್ಟರಲ್ಲಿ ಅದು ದಾಟಿಹೋಗುವುದರಿಂದ ಕಣ್ಣಿಗೆ ಆರು ಕಾಲು ಕಾಣುವುದಿಲ್ಲ, ವೇಗ ಮಾತ್ರ ಕಾಣುತ್ತದೆ. ಒಂಟಿಯಾಗಿ ಹಿಡಿದು ನೋಡಿದರೆ ವಿಕಾರ. ಅಕ್ಕನಿಗೆ ಒಪ್ಪಿಸಿದ ಕಟ್ಟುಗಳಲ್ಲಿ ಅಂಥವು ನಲವತ್ತಮೂರು. ನನ್ನ ಹತ್ತು ವರ್ಷದ ಕಲಿಕೆಯೆಲ್ಲ ಆ ನಲವತ್ತಮೂರರಲ್ಲಿತ್ತು.

ನಾನು ಮರಳಿ ಬಂದದ್ದು ಮಧ್ಯಾಹ್ನ. ಜಗಲಿಯಲ್ಲಿ ಐದು ಮೊರಗಳೂ ಇದ್ದವು. ಅಕ್ಕ ಎದ್ದು ಒಳಗೆ ಹೋಗಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಕಟ್ಟೊಂದನ್ನು ತಂದು ನನ್ನ ಕೈಗಿಟ್ಟರು. ದನಿ ತಗ್ಗಿಸಿ, ಬೇರೆಯವರಿಗೆ ಕೇಳದ ಹಾಗೆ ಹೇಳಿದರು:

“ಬೇಸರ ಮಾಡ್ಬೇಡಿ ಮಾಷ್ಟ್ರೇ, ನಿಮ್ಮ ಕೈ ಕೆಲವು ಕಡೆ ತಪ್ಪಿದೆ. ಆಡಿಗೆ ಆರು ಕಾಲು. ಒಂದಕ್ಕೆ ಎರಡು ಮೂತಿ. ಪಾಪ, ಒಬ್ಬರೇ ಕೂತು ಕೂತು ಕಣ್ಣು ಸೋತಿರಬೇಕು. ನಾನು ಯಾರಿಗೂ ಹೇಳ್ಲಿಲ್ಲ. ಅಲ್ಲಿಯವರು ನೋಡಿ ಬಿಸಾಡುವ ಮೊದಲು ನಾನೇ ತೆಗೆದೆ. ಹಾಳೆ ನಷ್ಟ ಆಗ್ಲಿಲ್ಲ, ತೊಳೆದು ಒಣಗಿಸಿ ಇಟ್ಟಿದ್ದೇನೆ. ನಲವತ್ತಮೂರು ಉಂಟು.”

ಬಟ್ಟೆ ಬಿಚ್ಚಿದೆ. ನಲವತ್ತಮೂರು ಹಾಳೆಗಳು, ಒಂದು ಕಲೆಯಿಲ್ಲದೆ ಸ್ವಚ್ಛ. ಆಚೆ ಬದಿಯ ತೆಂಗಿನ ಮರ ಅದರೊಳಗಿಂದ ಕಾಣುತ್ತಿತ್ತು.

ಬೀಡಿಯವರ ಪದ್ಧತಿ ನನಗೆ ಆಮೇಲೆ ಅರ್ಥವಾಯಿತು. ಬೀಡಿಯನ್ನು ಅಂಗಡಿಗೆ ಕೊಡುವಾಗ ಅಲ್ಲಿ ಒಬ್ಬ ಕಟ್ಟು ಬಿಚ್ಚಿ ನೋಡುತ್ತಾನೆ. ಸೊಟ್ಟಗಿದ್ದದ್ದನ್ನು, ಸಡಿಲವಾದದ್ದನ್ನು ಎಲ್ಲರೆದುರು ತೆಗೆದು ಎಸೆಯುತ್ತಾನೆ. ಅದು ಮರ್ಯಾದೆಯ ಪ್ರಶ್ನೆ. ಜಾಣ ಹೆಂಗಸು ಮನೆಯಲ್ಲೇ ಕೆಟ್ಟ ಬೀಡಿಯನ್ನು ಹೆಕ್ಕಿ, ಬಿಚ್ಚಿ, ಎಲೆ ಮತ್ತು ಹೊಗೆಸೊಪ್ಪಿನ ಹುಡಿ ಉಳಿಸಿಕೊಳ್ಳುತ್ತಾಳೆ. ಗೆಳತಿಯ ಮೊರದಲ್ಲಿ ಅಂಥದ್ದು ಕಂಡರೂ ಸದ್ದಿಲ್ಲದೆ ತೆಗೆದುಕೊಡುತ್ತಾಳೆ. ಅಕ್ಕ ನನಗೆ ಮಾಡಿದ್ದು ಆ ಉಪಕಾರ.

ಅದು ಆಮೇಲೆ. ಆ ಗಳಿಗೆಯಲ್ಲಿ ನನ್ನ ತಲೆ ಕೆಟ್ಟುಹೋಯಿತು.

“ನಿಮಗೆ ತಲೆ ಉಂಟಾ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಇದಕ್ಕೇ ಹೇಳುವುದು! ಇದು ಬೀಡಿ ಅಲ್ಲ! ಬೀಡಿ ಕಟ್ಟುವವರ ಕೈಗೆ ಈ ಕೆಲಸ ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ!”

ಕತ್ತರಿಗಳೆಲ್ಲ ನಿಂತವು. ಅಕ್ಕನ ಮುಖ ಬಿಳುಚಿತು. ಮೆಲ್ಲಗೆ, “ಕೆಟ್ಟದ್ದು ಕಂಡರೆ ತೆಗೆದಿಡಿ ಅಂತ ನೀವೇ ಹೇಳಿದ್ದಲ್ವಾ?” ಎಂದರು. ಧಡಧಡ ಮೇಲೆ ಹೋಗಿ ಬಾಗಿಲು ಹಾಕಿಕೊಂಡೆ. ಆ ಮಧ್ಯಾಹ್ನ ಕೆಳಗಿನಿಂದ ನಗು ಕೇಳಲಿಲ್ಲ, ಮರುದಿನವೂ ಕೇಳಲಿಲ್ಲ. ನಾನು ಇಳಿದರೆ ಅವರ ಮಾತು ನಿಲ್ಲುತ್ತಿತ್ತು. ಇಷ್ಟು ದಿನ ನಾನು ಒಂಟಿ ಎಂದುಕೊಂಡಿದ್ದೆ. ನಿಜವಾದ ಒಂಟಿತನ ಯಾವುದೆಂದು ಆಗ ತಿಳಿಯಿತು.

ಯಜಮಾನರಿಗೆ ಚಿತ್ರ ತೋರಿಸಲು ಉಳಿದದ್ದು ಎಂಟು ದಿನ. ಸಿದ್ಧಕಟ್ಟೆ ದಾರಿಯ ಬಸ್ಸು ಹಿಡಿದು ಮೂಡುಬಿದಿರೆಗೆ ಹೋದೆ. ಕೇಂದ್ರದ ಕಂಪ್ಯೂಟರ್ ಮಾಷ್ಟ್ರು, ನನಗಿಂತ ಹತ್ತು ವರ್ಷ ಚಿಕ್ಕವರು, ಒಳ್ಳೆಯ ಮನುಷ್ಯ, ನನ್ನ ಕಥೆ ಕೇಳಿ ಕುರ್ಚಿ ಎಳೆದುಕೊಟ್ಟರು.

“ಎಂತಕ್ಕೆ ತಲೆಬಿಸಿ ಮಾಡ್ತೀರಿ ಸಾರ್? ಮೊದಲಿನದ್ದು ಒಂದು, ಕೊನೆಯದ್ದು ಒಂದು ಚಿತ್ರ ಕೊಡಿ. ನಡುವಿನದ್ದು ಕಂಪ್ಯೂಟರ್ ಮಾಡ್ತದೆ. ಈಗಲೇ ನೋಡುವ.”

ಚಿತ್ರ ಸ್ಕ್ಯಾನ್ ಮಾಡಿ, ಗೆರೆಗಳ ಮೇಲೆ ಚುಕ್ಕಿ ಕೂರಿಸಿ ಗುಂಡಿ ಒತ್ತಿದರು. ಆಡು ಈ ತುದಿಯಿಂದ ಆ ತುದಿಗೆ ಹೋಯಿತು. ನುಣ್ಣಗೆ, ಎಲ್ಲಿಯೂ ತಡೆಯದೆ. ಆದರೆ ಅದು ಎಗರಲಿಲ್ಲ, ಜಾರಿತು. ಕಾಲಿಗೆ ನೆಲವಿಲ್ಲ, ಹೊಟ್ಟೆಯಲ್ಲಿ ಭಾರವಿಲ್ಲ. ಚೆನ್ನಾಗಿದೆ ಎಂದು ಹೇಳಿ ಎದ್ದುಬಿಡಬಹುದಿತ್ತು. ಐದು ನಿಮಿಷದ ಕೆಲಸ, ಯಾರ ಹಂಗೂ ಬೇಡ. ನಾನು ಪರದೆಯನ್ನು ನೋಡುತ್ತ ಕೂತೆ. ಕೊನೆಯ ಭಾಗ ಕಂಪ್ಯೂಟರಿನದು, ಅಲ್ಲಿ ಹೀಗೆ ಜಾರಲಿ, ಅದಕ್ಕಿಂತ ಹಿಂದಿನ ಜಿಗಿತಗಳೆಲ್ಲ ಕೈಯವೇ ಆಗಬೇಕು ಎಂದು ನಿರ್ಧರಿಸಿದೆ. ಅವರು ಭುಜ ಹಾರಿಸಿ, “ನಿಮ್ಮಿಷ್ಟ ಸಾರ್. ದಿನ ಇಲ್ಲ, ನೋಡಿಕೊಳ್ಳಿ” ಎಂದರು.

ಮರುದಿನ ಬೆಳಿಗ್ಗೆ ತಿರುಗುವ ಡಬ್ಬಿಯನ್ನು ಎತ್ತಿಕೊಂಡು ಜಗಲಿಗೆ ಬಂದೆ. ಚಿತ್ರದ ಮೂರನೇ ಭಾಗಕ್ಕೆ ಮಾದರಿಯಾಗಲೆಂದು ಬಿಸ್ಕತ್ತಿನ ತಗಡಿನ ಡಬ್ಬಿಗೆ ಹನ್ನೆರಡು ಸೀಳು ಕೊರೆದು, ಕಪ್ಪು ಬಣ್ಣ ಬಳಿದು, ಹಳೆಯ ಫ್ಯಾನಿನ ಬೇರಿಂಗಿನ ಮೇಲೆ ಕೂರಿಸಿದ್ದೆ. ಎರಡು ಕಾಗದದ ಪಟ್ಟಿ ತಂದಿದ್ದೆ. ಒಂದರಲ್ಲಿ ಎಲ್ಲವೂ ಲಕ್ಷಣವಾದ ಆಡುಗಳು. ಇನ್ನೊಂದರಲ್ಲಿ ನಡುನಡುವೆ ಆರು ಕಾಲಿನವು. ಸತ್ಯ ಹೇಳಬೇಕೆಂದರೆ ನಾನು ಹೋದದ್ದು ಕ್ಷಮೆ ಕೇಳಲಿಕ್ಕಲ್ಲ. ನನ್ನ ಕೋಪ ಸರಿಯಾಗಿತ್ತು ಎಂದು ತೋರಿಸಲಿಕ್ಕೆ.

“ಇದು ನೀವು ಉಳಿಸಿದ ಆಡು” ಎಂದು ಮೊದಲ ಪಟ್ಟಿ ಹಾಕಿ ತಿರುಗಿಸಿದೆ. ಅಕ್ಕ ಬಗ್ಗಿ ಸೀಳಿನಲ್ಲಿ ನೋಡಿದರು. “ಇದು ನೀವು ತೊಳೆದ ಆಡು” ಎಂದು ಎರಡನೆಯದನ್ನು ಹಾಕಿದೆ.

ಅಕ್ಕ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಡಬ್ಬಿ ನಿಂತಾಗ ತಾವೇ ಬೆರಳಿನಲ್ಲಿ ತಿರುಗಿಸಿದರು. ಉಳಿದ ಹೆಂಗಸರು ಒಬ್ಬೊಬ್ಬರಾಗಿ ಬಂದು ಇಣುಕಿ, “ಅಯ್ಯೋ, ಓಡ್ತಾ ಉಂಟು ಮಾರಾಯ್ತಿ!” ಎಂದು ಚಪ್ಪಾಳೆ ತಟ್ಟಿದರು. ಅಕ್ಕ ನಗಲಿಲ್ಲ.

“ಹಾಗಾದರೆ ನಾನು ತೊಳೆದು ತೆಗೆದದ್ದು ಅದರ ಓಟವನ್ನೇ” ಎಂದರು.

ಅಕ್ಕ ಬೀಡಿಯ ಮೊರವನ್ನು ಗೋಡೆಗೆ ಒರಗಿಸಿಟ್ಟು, ಬಾವಿಕಟ್ಟೆಗೆ ಹೋಗಿ ಸಾಬೂನು ಹಚ್ಚಿ ಕೈ ತೊಳೆದುಕೊಂಡು ಬಂದರು. “ಬರೆಯುವುದು ನೀವು. ಬಣ್ಣ ನಾನು ತುಂಬ್ತೇನೆ. ಕೊಡಿ.”

ಆರು ದಿನ ಅವರು ಒಂದು ಬೀಡಿ ಕಟ್ಟಲಿಲ್ಲ. ನಾನು ಮೇಲೆ ಗೆರೆ ಹಾಕಿ ತಂದುಕೊಟ್ಟ ಹಾಳೆಯನ್ನು ಮಗುಚಿ, ಹಿಂದಿನ ಬದಿಗೆ ಬಣ್ಣ ತುಂಬುತ್ತಿದ್ದರು. ನಲವತ್ತಮೂರರಲ್ಲಿ ಒಂದರಲ್ಲಿಯೂ ಬಣ್ಣ ಗೆರೆ ದಾಟಲಿಲ್ಲ. ಮುಂಬೈಯಲ್ಲಿ ಬಣ್ಣ ತುಂಬುವುದೇ ಕೆಲಸವಾಗಿದ್ದವರಲ್ಲಿಯೂ ಅಂಥ ಕೈ ನಾನು ಕಂಡಿಲ್ಲ. ಆದರೆ ಮಾತಿಲ್ಲ, ತಮಾಷೆಯಿಲ್ಲ. ‘ತಪ್ಪಾಯಿತು ಅಕ್ಕ’ ಎಂದು ದಿನಕ್ಕೆ ಹತ್ತು ಸಲ ನನ್ನ ಬಾಯಿಗೆ ಬರುತ್ತಿತ್ತು, ನಾಲಿಗೆಯ ತುದಿಯಲ್ಲಿ ನಿಲ್ಲುತ್ತಿತ್ತು. ನಾಲ್ಕನೇ ದಿನ ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ಅವರೇ ಕೇಳಿದರು:

“ಇದು ಇಳಿಯುವಾಗಿನದ್ದಲ್ವಾ? ವೇಗ ಕಡಿಮೆ ಆಗಿದೆ. ಆರು ಕಾಲು ಬೇಕಾ, ಐದು ಸಾಕಾ?”

ನಾನು ನೋಡಿದೆ. ಅವರು ಹೇಳಿದ್ದು ಸರಿಯಿತ್ತು. “ಐದು ಸಾಕು” ಎಂದೆ. ನಾಲ್ಕು ವರ್ಷದಿಂದ ಯಾರ ಬಾಯಿಂದ ಇಂಥ ಒಂದು ಮಾತು ಕೇಳಬೇಕೆಂದು ಕಾದಿದ್ದೆನೋ ಅದು ಜಗಲಿಯಲ್ಲೇ ಸಿಕ್ಕಿತ್ತು. ಅದನ್ನೂ ಅವರಿಗೆ ಹೇಳಲಿಲ್ಲ.

ಹೊಸ ನಲವತ್ತಮೂರು ಹಳೆಯದಕ್ಕಿಂತ ಚೆನ್ನಾಗಿ ಬಂದವು. ಇದನ್ನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಎರಡನ್ನೂ ಬರೆದವನು ನಾನೇ. ಏಳನೇ ದಿನ ಕ್ಯಾಮೆರಾಕ್ಕೆ ಹಿಡಿದೆವು. ಎಂಟನೇ ದಿನ ಬೆಳಿಗ್ಗೆ ಯಜಮಾನರು, ಅವರ ಜೊತೆ ಹಿರಿಯರು ಮೂವರು, ಕಂಪ್ಯೂಟರ್ ಮಾಷ್ಟ್ರು, ನಾನು, ಇಷ್ಟು ಜನ ಹೊಸ ಸುಣ್ಣದ ವಾಸನೆಯ ಕೋಣೆಯಲ್ಲಿ ಕೂತೆವು. ಆಡು ಬಟ್ಟಲಿನಿಂದ ಎಗರಿತು. ಬಿಲ್ಲೆಗೆ ಬಿತ್ತು, ಡಬ್ಬಿಯೊಳಗೆ ಓಡಿತು, ಪುಸ್ತಕದ ಪುಟಗಳನ್ನು ದಾಟಿತು, ಎಕ್ಸ್‌ರೇ ಹಾಳೆಯ ತೆಳು ನೀಲಿಯಲ್ಲಿ ಬೇಲಿ ಹಾರಿತು, ಕೊನೆಗೆ ಕಂಪ್ಯೂಟರಿನ ಪರದೆಗೆ ನುಣ್ಣಗೆ ಜಾರಿ ನಿಂತಿತು. ಎಲ್ಲಿಯೂ ಕುಕ್ಕಲಿಲ್ಲ. ಹಿರಿಯರೊಬ್ಬರು ಇನ್ನೊಮ್ಮೆ ಹಾಕಿಸಿ ನೋಡಿದರು. ಚಪ್ಪಾಳೆ ತಟ್ಟಿದರು.

“ಎಷ್ಟು ದಿನ ಹಿಡಿಯಿತು?” ಎಂದು ಯಜಮಾನರು ಕೇಳಿದರು.

“ಮೂರು ತಿಂಗಳು.”

ಅವರು ಕಂಪ್ಯೂಟರ್ ಮಾಷ್ಟ್ರ ಕಡೆ ತಿರುಗಿದರು. “ನಿಮ್ಮದರಲ್ಲಿ?”

ಅವರು ನನ್ನ ಮುಖ ನೋಡದೆ, “ಒಂದು ವಾರ ಬೇಕಾಗಬಹುದು” ಎಂದರು.

“ಚಂದ ಉಂಟು. ತುಂಬಾ ಚಂದ ಉಂಟು” ಎಂದರು ಯಜಮಾನರು ನನಗೆ. “ಉದ್ಘಾಟನೆಗೆ ಇದನ್ನೇ ಹಾಕುವ, ನೀವೂ ಬರಬೇಕು. ಆದರೆ ಕಲಿಸುವುದಕ್ಕೆ... ನೀವೇ ಕೊನೆಗೆ ಕಂಪ್ಯೂಟರಿಗೆ ತಂದು ಮುಟ್ಟಿಸಿದ್ದೀರಲ್ಲ. ಹುಡುಗರು ಅಲ್ಲಿಂದ ಶುರು ಮಾಡಿದರೆ ಸಾಕು. ಹಿಂದಿನದ್ದು ಎರಡೂವರೆ ನಿಮಿಷ ಗೊತ್ತಿದ್ದರೆ ಸಾಕಲ್ವಾ?”

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಸಾಕು ಎಂದು ನಾನೂ ತಲೆಯಾಡಿಸಿದೆ. ಎದ್ದು, ಕಟ್ಟುಗಳನ್ನು ಗೋಣಿಯಲ್ಲಿ ತುಂಬಿಸಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು. ಪಕ್ಕದವರು ಕಿಟಕಿಯ ಕಡೆ ತಿರುಗಿ ಕೂತರು.

ಮೆಲ್ಕಾರಿಗೆ ಮುಟ್ಟುವಾಗ ಮೂರು ಗಂಟೆ. ಐವರೂ ಜಗಲಿಯಲ್ಲಿದ್ದರು. ಅಕ್ಕ ಕತ್ತರಿ ಕೆಳಗಿಟ್ಟು ಎದ್ದು ನಿಂತರು.

“ಆಡು ಓಡಿತಾ ಮಾಷ್ಟ್ರೇ?”

“ಓಡಿತು.”

“ಕೆಲಸ?”

“ಇಲ್ಲ.”

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. “ಆ ನಲವತ್ತಮೂರು...” ಎಂದು ಅರ್ಧಕ್ಕೆ ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. ಅವರು ಏನು ಕೇಳುತ್ತಿದ್ದಾರೆಂದು ನನಗೆ ಚೆನ್ನಾಗಿ ಗೊತ್ತಾಯಿತು. ಅಲ್ಲ ಎನ್ನಬೇಕಿದ್ದರೆ ಉಳಿದದ್ದನ್ನೂ ಹೇಳಬೇಕಿತ್ತು: ಚಿತ್ರದಲ್ಲಿ ಯಜಮಾನರಿಗೆ ಎಲ್ಲವೂ ಹಿಡಿಸಿತು, ಬೇಡವಾದದ್ದು ನಾನು ಮಾತ್ರ. ಐದು ಜನರೆದುರು ಆ ಮಾತು ಹೊರಡಲಿಲ್ಲ. ಗೋಣಿ ಎತ್ತಿಕೊಂಡು ಮೇಲೆ ಹೋದೆ.

ಕಿಟಕಿಯ ಬಳಿ ಕೂತಿದ್ದೆ. ಕೆಳಗೆ ಅಕ್ಕನ ದನಿ ಕೇಳಿತು. “ನನ್ನಿಂದ ಒಬ್ಬರ ಅನ್ನ ಹೋಯಿತು.”

“ನಿಮಗೆ ಗೊತ್ತಿರ್ಲಿಲ್ಲ ಅಲ್ವಾ?” ಎಂದು ಯಾರೋ ಸಮಾಧಾನ ಮಾಡಿದರು.

“ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು.”

ಅದಾದ ಮೇಲೆ ಮತ್ತೂ ಐದು ತಿಂಗಳು ನಾನು ಆ ರೂಮಿನಲ್ಲಿದ್ದೆ. ಅಕ್ಕ ಮೊದಲಿನ ಹಾಗೆಯೇ ಹಬ್ಬದ ದಿನ ಅಕ್ಕಿರೊಟ್ಟಿಯಂಥ ಪತ್ತಿರಿ ಕಳಿಸಿದರು, ನನಗೆ ಜ್ವರ ಬಂದಾಗ ಗಂಜಿ ಕಳಿಸಿದರು, ನಾನು ಜಗಲಿ ದಾಟುವಾಗ ಮಾತ್ರ ತಲೆಯೆತ್ತುತ್ತಿರಲಿಲ್ಲ. ‘ನಿಮ್ಮಿಂದ ಅಲ್ಲ ಅಕ್ಕ’ ಎಂದು ಹೇಳಲಿಕ್ಕೆ ಹನ್ನೊಂದು ಮೆಟ್ಟಿಲು ಇಳಿಯಬೇಕಿತ್ತು. ದಿನಕ್ಕೆ ನಾಲ್ಕು ಸಲ ಇಳಿದಿದ್ದೇನೆ. ಹೇಳಲಿಲ್ಲ.